ವಿಭೂತಿಯಲ್ಲಿ ಕಲಸಿದ ಬೇರಿನ ಪುಡಿ

ದಡ್ಡಿ ಎಂಬ ಊರಿನ ಆ ಪೇರಲ ಗಿಡದ ಹಣ್ಣಿನಲ್ಲಿ ಬೀಜವಿರಲಿಲ್ಲ. ಮೊದಲ ಸಲ ಕೊಯ್ದಾಗ ನಾನು ನಂಬಲಿಲ್ಲ. ಇನ್ನೊಂದನ್ನು ಕೊಯ್ದೆ, ಅದನ್ನೂ ನಂಬದೆ ಮತ್ತೊಂದನ್ನು ಕೊಯ್ದೆ. ಗಿಡದ ಯಜಮಾನರನ್ನು ಊರೆಲ್ಲ ಕಾಕಾ ಎನ್ನುತ್ತಿತ್ತು. ಹಲ್ಲು ಅರ್ಧ ಹೋದ ಮುದುಕರು. ನನ್ನ ಮುಂದೆ ಸಾಲಾಗಿ ಬಿದ್ದ ಹೋಳುಗಳನ್ನು ನೋಡಿ, ಸಾಹೇಬರು ಹಣ್ಣು ತಿನ್ನಲು ಬಂದಿದ್ದಾರೋ ಪಂಚನಾಮೆ ಮಾಡಲು ಬಂದಿದ್ದಾರೋ ಎಂದು ಹೆಂಡತಿಯನ್ನು ಕೇಳಿದರು.

ಎರಡನೆಯ ಮಹಾಯುದ್ಧ ನಡೆದಿದ್ದ ವರ್ಷಗಳು ಅವು. ನಾನು ಹುಕ್ಕೇರಿ ತಾಲೂಕಿನಲ್ಲಿ ಒಕ್ಕಲುತನ ಖಾತೆಯ ಓವರ್ಸಿಯರ್. ನನ್ನ ಮೇಲಿನ ದೊಡ್ಡ ಸಾಹೇಬರು ಗೋಕಾಕದಲ್ಲಿ ಕೂರುತ್ತಿದ್ದರು. ಆಗ ಬಸ್ಸುಗಳು ಇದ್ದಿಲಿನ ಗ್ಯಾಸಿನಿಂದ ಓಡುತ್ತಿದ್ದವು. ಓಡುತ್ತಿದ್ದವು ಎಂದರೆ ಏರು ಬಂದಾಗ ನಾವೆಲ್ಲ ಇಳಿದು ನಡೆಯುತ್ತಿದ್ದೆವು ಎಂದರ್ಥ. ಹೀಗಾಗಿ ನಾನು ಹೆಚ್ಚಾಗಿ ಸೈಕಲ್ಲಿನ ಮೇಲೆಯೇ ತಿರುಗುತ್ತಿದ್ದೆ. ಸೈಕಲ್ಲಿನ ಮೇಲೆ ಒಬ್ಬನೇ ಹೋಗುವವನಿಗೆ ಚಿಂತೆ ಮಾಡಲು ಬೇಕಾದಷ್ಟು ಹೊತ್ತು ಸಿಗುತ್ತದೆ. ನನಗಂತೂ ಅದು ಕಸುಬಿನ ಒಂದು ಭಾಗವೇ ಆಗಿತ್ತು.

ಕಾಕಾನ ಚಿಂತೆ ಮಾತ್ರ ನನ್ನ ಚಿಂತೆಗಳ ಹಾಗೆ ಗಾಳಿಯದಲ್ಲ. ಹಿಂದಿನ ಮಳೆಗಾಲದಲ್ಲಿ ಹೊಳೆ ದಂಡೆಯನ್ನು ಕೊರೆದು ಅವರ ಕೆಳಗಿನ ಹೊಲದ ಅರ್ಧವನ್ನು ಒಯ್ದಿತ್ತು. ಪೇರಲ ಗಿಡ ಅಂಚಿಗೆ ಬಂದು ನಿಂತಿತ್ತು. ಒಂದು ಬದಿಯ ಬೇರುಗಳು ಮಣ್ಣು ಬಿಟ್ಟು ಗಾಳಿಯಲ್ಲಿ ಜೋತಾಡುತ್ತಿದ್ದವು. ಉಳಿದದ್ದು ಮೇಲಿನ ಮಡ್ಡಿ ಹೊಲ, ಅದರಲ್ಲೊಂದು ಬಾವಿ. ಜೋಳ ಅಲ್ಲಿ ಒಲ್ಲದ ಮನಸ್ಸಿನಿಂದ ಬೆಳೆಯುತ್ತಿತ್ತು. ಕಾಕಾನ ಹೆಂಡತಿ ಕಾಕು ಆ ಮಡ್ಡಿಯಲ್ಲಿ ಇದೇ ಪೇರಲದ ತೋಟ ಹಾಕಬೇಕೆಂದು ನಿಶ್ಚಯ ಮಾಡಿದ್ದರು. ಗೋಕಾಕದ ಸಂತೆಯಲ್ಲಿ ಈ ಹಣ್ಣಿನ ಬುಟ್ಟಿ ಇಳಿಯುವ ಮುಂಚೆಯೇ ಖಾಲಿಯಾಗುತ್ತಿತ್ತು. ಮನೆ ನಡೆಯಲು ಇನ್ನು ಅದೊಂದೇ ದಾರಿ. ಆದರೆ ಬೀಜವಿಲ್ಲದ ಗಿಡವನ್ನು ಬಿತ್ತುವುದು ಹೇಗೆ? ಬೇರಿನಿಂದ ಮರಿ ಎದ್ದಿದೆಯೇ ಎಂದು ಕಾಕಾ ಬುಡದ ಸುತ್ತ ಅಗೆದು ನೋಡಿದ್ದರು, ಟೊಂಗೆ ಕಡಿದು ನೆಟ್ಟು ನೋಡಿದ್ದರು. ಪೇರಲದ ಟೊಂಗೆ ದಾಸವಾಳದ ಹಾಗೆ ನೆಟ್ಟಲ್ಲಿ ಚಿಗುರುವ ಜಾತಿಯಲ್ಲ. ಮುಂದಿನ ಮಳೆಗಾಲದೊಳಗೆ ಏನಾದರೂ ಆಗಬೇಕಿತ್ತು. ಹೊಳೆ ಇನ್ನೊಮ್ಮೆ ಬಂದರೆ ಗಿಡವೂ ಇಲ್ಲ, ಅದರ ಸಂತಾನವೂ ಇಲ್ಲ.

ದೊಡ್ಡ ಸಾಹೇಬರಿಗೆ ನಾನು ಈ ಸಂಗತಿ ಹೇಳಿದಾಗ ಅವರು ಬೀರು ತೆಗೆದು ಹೆಬ್ಬೆರಳಷ್ಟು ದೊಡ್ಡ ಒಂದು ಶೀಸೆ ಕೊಟ್ಟರು. ಒಳಗೆ ಸಕ್ಕರೆಯ ಹರಳಿನಂಥದ್ದು, ಚಿಟಿಕೆಗಳಲ್ಲಿ ಅಳೆಯುವಷ್ಟು. ಗಿಡದ ಹಾರ್ಮೋನು ಎಂದರು. ಯುದ್ಧ ಮುಗಿಯುವ ತನಕ ಇಂಥದ್ದು ಇನ್ನೊಂದು ಬರುವುದಿಲ್ಲ ಎಂದೂ ಸೇರಿಸಿದರು. ಆ ಮಾತು ಕೇಳಿದ ಕ್ಷಣದಿಂದ ಶೀಸೆ ಒಡೆಯುವ ಭಯ ಹತ್ತಿತು. ಧೋತರದ ತುಂಡಿನಲ್ಲಿ ಸುತ್ತಿ, ಬುತ್ತಿಯ ರೊಟ್ಟಿಗಳ ನಡುವೆ ಇಟ್ಟುಕೊಂಡು ಹುಕ್ಕೇರಿಗೆ ತಂದೆ.

ಅದೇನೆಂದು ಕಾಕಾನಿಗೆ ಕಬ್ಬಿನ ಮೇಲೆ ತಿಳಿಸಿದೆ. ಮೂಡಲಗಿ ಕಡೆಯ ಕಾಲುವೆ ಹೊಲಗಳಲ್ಲಿ ಕಬ್ಬು ನೆಡುವಾಗ ಇಡೀ ಗಳವನ್ನು ಮಲಗಿಸುವುದಿಲ್ಲ, ತುಂಡು ಮಾಡಿ ನೆಡುತ್ತಾರೆ. ಇಡೀ ಗಳ ಮಲಗಿಸಿದರೆ ತುದಿಯ ಕಣ್ಣು ಒಡೆಯುತ್ತದೆ, ಹಿಂದಿನವು ನಿದ್ದೆ ಮಾಡುತ್ತವೆ. ತುದಿಯ ಕುಡಿಯಲ್ಲಿ ಒಂದು ರಸ ಹುಟ್ಟಿ ಕೆಳಗೆ ಇಳಿಯುತ್ತ ಹಿಂದಿನ ಕಣ್ಣುಗಳಿಗೆ ‘ನೀವು ಸುಮ್ಮನಿರಿ’ ಎನ್ನುತ್ತದೆ. ತುಂಡು ಮಾಡಿದರೆ ಆ ಹುಕುಂ ಮುಟ್ಟುವುದಿಲ್ಲ, ಎಲ್ಲ ಕಣ್ಣೂ ಒಡೆಯುತ್ತವೆ. ಅದೇ ರಸ ಕೆಳಗಿಳಿದು ಒಂದೆಡೆ ನಿಂತರೆ ಅಲ್ಲಿ ಬೇರು ಹೊರಡಿಸುತ್ತದೆ. ಶೀಸೆಯಲ್ಲಿರುವುದು ಆ ರಸದ ಜಾತಿಯದು. ಕಾಕಾ ಎಲ್ಲವನ್ನೂ ಕೇಳಿ, ಹಾಗಾದರೆ ಮನೆಯ ಹಿರೇಸೊಸೆ ಇದ್ದ ಹಾಗೆ ಎಂದರು. ಅವರ ಮನೆಯಲ್ಲಿ ಹಿರೇಸೊಸೆ ಯಾರೂ ಇರಲಿಲ್ಲವಾದ್ದರಿಂದ ಮಾತು ಯಾರಿಗೂ ತಾಗಲಿಲ್ಲ.

ತೊಡಕು ಬಂದದ್ದು ಮುಂದಿನ ಹೆಜ್ಜೆಗೆ. ಆ ಹರಳು ನೀರಿನಲ್ಲಿ ಸುಲಭವಾಗಿ ಕರಗುವುದಿಲ್ಲ, ಸ್ಪಿರಿಟ್ಟಿನಲ್ಲಿ ಕರಗುತ್ತದೆ. ನಾನು ಬಾಟಲಿ ತೆಗೆದೊಡನೆ ವಾಸನೆ ಪಡಸಾಲೆಗೆ ಹೋಯಿತು. ಕಾಕಾ ಎದ್ದು ನಿಂತರು. ಈ ಗಿಡದ ಮೊದಲ ಹಣ್ಣು ಲಿಂಗಕ್ಕೆ ತೋರಿಸಿ ಆಮೇಲೆ ಬಾಯಿಗೆ ಹಾಕುವ ಮನೆ ಇದು, ಶೆರೆ ಕುಡಿಸಿದ ಗಿಡದ ಹಣ್ಣನ್ನು ಲಿಂಗದ ಮುಂದೆ ಹೇಗೆ ಹಿಡಿಯಲಿ ಎಂದರು. ವಾದ ಮಾಡುವ ದನಿಯಲ್ಲ, ನನ್ನ ಅಭಿಪ್ರಾಯವನ್ನೇ ಕೇಳುವ ದನಿ. ಅದಕ್ಕೆ ಉತ್ತರ ಕೊಡುವುದು ಇನ್ನೂ ಕಷ್ಟ. ಬೇರು ಬರುತ್ತದೋ ಇಲ್ಲವೋ ಮೊದಲು ಹೊರಗೆ ನೋಡೋಣ ಎಂದು ನಾನು ಟೊಂಗೆಗಳನ್ನು ಕಡಿಸಿಕೊಂಡು, ಒದ್ದೆ ಗೋಣಿಯಲ್ಲಿ ಸುತ್ತಿ, ಗೋಕಾಕದ ಸರಕಾರಿ ಸಸಿಮಡಿಗೆ ಒಯ್ದು ಅಲ್ಲಿ ಔಷಧದಲ್ಲಿ ಅದ್ದಿ ನೆಟ್ಟೆ. ಶೀಸೆಯ ಜತೆ ಬಂದಿದ್ದ ಹಾಳೆಯಲ್ಲಿ ಅಳತೆ ಇತ್ತು. ಅದು ತಂಪು ದೇಶದ ಅಳತೆ, ನಮ್ಮ ಬಿಸಿಲಿಗೆ ಎರಡು ಪಟ್ಟು ಇರಲಿ ಎಂದು ದೊಡ್ಡ ಸಾಹೇಬರು ಹೇಳಿದರು. ಶಿವರಾತ್ರಿಯ ಹೊತ್ತಿಗೆ ಎಲ್ಲ ಟೊಂಗೆಗಳ ಬುಡ ಸುಟ್ಟ ಬತ್ತಿಯ ಹಾಗೆ ಕಪ್ಪಾಗಿ ಕೂತಿತ್ತು. ಸಾಹೇಬರು ಬಗ್ಗಿ ನೋಡಿ, ಬಿಸಿಲು ಜಾಸ್ತಿಯಾಯಿತು ಎಂದರು. ಅಳತೆಯ ಮಾತು ಎತ್ತಲಿಲ್ಲ.

ಕಡಿದು ನೆಡುವ ದಾರಿ ಮುಚ್ಚಿತು. ಉಳಿದದ್ದು ಗೂಟಿ ಕಟ್ಟುವುದು. ಟೊಂಗೆ ಗಿಡದ ಮೇಲೆ ಇರುವಾಗಲೇ ಒಂದು ಬಳೆಯಷ್ಟು ಅಗಲ ತೊಗಟೆ ಸುಲಿದು, ಆ ಗಾಯಕ್ಕೆ ಮಣ್ಣು ಮೆತ್ತಿ ಕಟ್ಟುವ ಕೆಲಸ. ಮೇಲಿನ ಎಲೆಗಳಿಂದ ಇಳಿಯುವ ರಸ ಸುಲಿದ ಜಾಗ ದಾಟಲಾರದೆ ಅದರ ಮೇಲಂಚಿನಲ್ಲಿ ಕಾಲುವೆಯ ಬಾಗಿಲು ಮುಚ್ಚಿದಾಗಿನ ನೀರಿನ ಹಾಗೆ ತುಂಬಿಕೊಳ್ಳುತ್ತದೆ. ಬೇರು ಅಲ್ಲಿ ಹುಟ್ಟಬೇಕು. ಮಳೆಗಾಲದಲ್ಲಾದರೆ ಹವೆಯೇ ಅರ್ಧ ಕೆಲಸ ಮಾಡುತ್ತದೆ. ನಮಗೆ ಮಳೆಗಾಲದ ತನಕ ಗಿಡ ಇರುತ್ತದೆಂಬ ಭರವಸೆ ಇಲ್ಲ. ಬಿಸಿಲಲ್ಲೇ ಕಟ್ಟಬೇಕು, ಅದಕ್ಕೇ ಔಷಧ ಬೇಕು. ಔಷಧವನ್ನು ಒಂದು ನುಣ್ಣನೆಯ ಪುಡಿಯಲ್ಲಿ ಬೆರೆಸಿ ಗಾಯದ ಮೇಲಂಚಿಗೆ ಹಚ್ಚಬಹುದು ಎಂದು ಹಾಳೆ ಹೇಳುತ್ತಿತ್ತು. ಬಳಪದ ಕಲ್ಲಿನ ಪುಡಿ ಆಗ ಪೇಟೆಯಲ್ಲಿ ಇರಲಿಲ್ಲ. ಮುಖಕ್ಕೆ ಹಚ್ಚುವ ಪೌಡರ್ ಒಂದು ಡಬ್ಬಿ ಸಿಕ್ಕಿತು. ಅದರ ಗುಲಾಬಿ ವಾಸನೆಗೆ ಗಿಡ ಏನೆನ್ನುವುದೋ ಗೊತ್ತಿಲ್ಲ, ನನ್ನ ಹೆಂಡತಿ ಏನೆಂದಾಳು ಎಂಬುದು ಗೊತ್ತಿತ್ತು. ಅಂಗಡಿಯಲ್ಲೇ ಬಿಟ್ಟು ಬಂದೆ.

ಮರುದಿನ ದಡ್ಡಿಗೆ ಹೋದಾಗ ಕಾಕಾ ಪೂಜೆಗೆ ಕೂತಿದ್ದರು. ವಿಭೂತಿ ಗಟ್ಟಿಯನ್ನು ಒದ್ದೆ ಬೆರಳಿನಿಂದ ತೀಡಿ ಹಣೆಗೆ ಎಳೆದುಕೊಳ್ಳುತ್ತಿದ್ದರು. ಸಗಣಿ ಸುಟ್ಟು, ಸೋಸಿ, ತೊಳೆದು, ಮತ್ತೆ ಸೋಸಿದ ಬೂದಿ. ಇಷ್ಟು ನುಣ್ಣನೆಯ ಪುಡಿಯನ್ನು ನಾನು ಪೇಟೆಯೆಲ್ಲ ಹುಡುಕಿದ್ದೆ.

ಪೂಜೆ ಮುಗಿದ ಮೇಲೆ ಆ ವಿಭೂತಿಯನ್ನು ಕೇಳಿದೆ. ಕೇಳುವಾಗ ಎಲ್ಲವನ್ನೂ ಹೇಳಬೇಕಾಯಿತು. ಹರಳನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ ವಿಭೂತಿಗೆ ಕಲಸಿ ನೆರಳಿನಲ್ಲಿ ಹರವಿದರೆ ಸ್ಪಿರಿಟ್ಟು ಹಾರಿಹೋಗಿ ಔಷಧ ಮಾತ್ರ ಉಳಿಯುತ್ತದೆ ಎಂದೆ. ಕಾಕಾ ಯೋಚಿಸಿ, ವಾಸನೆ ಪೂರ್ತಿ ಹೋದ ಮೇಲೆ ಮೂಸಿ ನೋಡುವವನು ತಾನೇ ಎಂದು ಷರತ್ತು ಹಾಕಿ ಒಪ್ಪಿದರು. ಇಷ್ಟಕ್ಕೆ ನಿಲ್ಲಿಸಿ ಎದ್ದಿದ್ದರೆ ಆಗುತ್ತಿತ್ತು. ಆದರೆ ಹಾಳೆಯಲ್ಲಿ ಇನ್ನೊಂದು ಸಾಲು ಇತ್ತು. ಮುಂದೆ ಎಂದಾದರೂ ಬೇರೆ ಯಾರೋ ಹೇಳಿ, ಇವರು ಲಿಂಗದ ಮುಂದೆ ಹಿಡಿದ ಹಣ್ಣನ್ನು ನೆನೆದು ಕೊರಗಿದರೆ? ಈ ಚಿಂತೆ ಹೊತ್ತುಕೊಂಡು ಸೈಕಲ್ ತುಳಿಯುವ ಶಕ್ತಿ ನನಗಿರಲಿಲ್ಲ. ಈ ರಸವನ್ನು ಪಂಡಿತರು ಮೊದಲು ಕಂಡುಹಿಡಿದದ್ದು ಮೂತ್ರದಲ್ಲಿ, ಈಗ ಮಾತ್ರ ಕಾರಖಾನೆಯಲ್ಲಿ ಮಾಡುತ್ತಾರೆ ಎಂದು ಹೇಳಿಬಿಟ್ಟೆ.

“ಆಕಳದ್ದೇನ್ರಿ?” ಎಂದರು ಕಾಕಾ, ಆಸೆಯಿಂದ.

“ಅಲ್ಲರಿ. ಮನಷ್ಯಾರದು.”

ಕಾಕಾ ಒಮ್ಮೆ ಅಡುಗೆಮನೆಯ ಕಡೆ ನೋಡಿದರು. ಆಮೇಲೆ ದನಿ ತಗ್ಗಿಸಿ, “ಯಾವ ಜಾತಿಯವ್ರದು?” ಎಂದರು.

ಒಳಗೆ ರೊಟ್ಟಿ ಬಡಿಯುತ್ತಿದ್ದ ಕಾಕುವಿನ ಕೈ ನಿಂತಿತು. “ಕೊರಳಾಗ ಲಿಂಗ ಕಟ್ಟಿಕೊಂಡು ಜಾತಿ ಕೇಳ್ತೀರಲಾ. ಇದನ್ನ ಕಲಿಸ್ಯಾನೇನು ಬಸವಣ್ಣ?”

“ಏ, ಹಂಗಲ್ಲ,” ಎಂದರು ಕಾಕಾ. “ಶೆರೆ ಕುಡ್ಯಾವರದೇನೋ ಅಂತ ಕೇಳಿದ್ನಿ.”

ರೊಟ್ಟಿಯ ಸದ್ದು ಮತ್ತೆ ಶುರುವಾಯಿತು. ವಿಭೂತಿ ಗಟ್ಟಿಗಳು ನನ್ನ ಕೈಗೆ ಬಂದವು.

ಶೀಸೆಯಲ್ಲಿ ಉಳಿದದ್ದನ್ನೆಲ್ಲ ಅಂದೇ ಕರಗಿಸಿದೆ. ದೊಡ್ಡ ಸಾಹೇಬರ ಅಳತೆಯೇ; ಬೇರೆ ಅಳತೆ ಹಿಡಿಯುವಷ್ಟು ಧೈರ್ಯ ಇನ್ನೂ ಬಂದಿರಲಿಲ್ಲ. ಕಲಸಿ, ಹರವಿ, ಕಾಕಾ ಮೂಸಿ ತಲೆಯಾಡಿಸಿದ ಮೇಲೆ ಬೆರಳು ದಪ್ಪದ ಕೆಲವು ಟೊಂಗೆಗಳನ್ನು ಆರಿಸಿ ತೊಗಟೆ ಸುಲಿದು ಪುಡಿ ಹಚ್ಚಿದೆ. ಹೊಳೆಯ ಮೆಕ್ಕಲು ಮಣ್ಣು, ಹಳೆಯ ಸಗಣಿ ಗೊಬ್ಬರ, ತೆಂಗಿನ ನಾರು ಸೇರಿಸಿ ಮೆತ್ತಿ ಗೋಣಿತಟ್ಟು ಸುತ್ತಿ ಕಟ್ಟಿದೆವು. ಪ್ರತಿ ಗೂಟಿಯ ಮೇಲೆ ಒಂದು ಗಡಿಗೆ, ಅದರ ತಳದ ತೂತಿನಲ್ಲಿ ಬಟ್ಟೆಯ ಬತ್ತಿ. ಹನಿ ಹನಿ ಬೀಳಬೇಕು, ಸುರಿಯಬಾರದು. ದೂರದಿಂದ ನೋಡಿದರೆ ಬೇಸಿಗೆಯಲ್ಲಿ ಲಿಂಗದ ಮೇಲೆ ಧಾರೆ ಕಟ್ಟಿದ ಹಾಗೆ ಕಾಣುತ್ತಿತ್ತು. ಹೊಳೆಗೆ ನೀರಿಗೆ ಬಂದ ಹೆಂಗಸರು ಒಂದೆರಡು ದಿನದಲ್ಲೇ ಬುಡಕ್ಕೆ ಕುಂಕುಮ ಹಾಕಿದರು. ಬೇಡವೆನ್ನಲು ನನಗೆ ಕಾರಣ ಹೊಳೆಯಲಿಲ್ಲ.

ಮಿಕ್ಕ ಪುಡಿಯನ್ನು ಗೋಕಾಕದ ಬಣ್ಣದ ಕಟ್ಟಿಗೆ ಡಬ್ಬಿಯೊಂದರಲ್ಲಿ ತುಂಬಿ, ತೇವ ತಾಗದಂತೆ ಒಳ್ಳೆಯ ಜಾಗದಲ್ಲಿ ಇಡಿ ಎಂದು ಕಾಕುವಿನ ಕೈಗೆ ಕೊಟ್ಟು ಹೋದೆ. ಯುಗಾದಿ ಕಳೆದು ಬಂದು ಕೇಳಿದಾಗ ಡಬ್ಬಿ ದೇವರ ಜಗಲಿಯ ಮೇಲಿತ್ತು. ಬೇರೆಲ್ಲಿಟ್ಟಾರು? ವಿಭೂತಿಗೆ ಆ ಮನೆಯಲ್ಲಿ ಅದಕ್ಕಿಂತ ಒಳ್ಳೆಯ ಜಾಗ ಇರಲಿಲ್ಲ. ಸೋಮವಾರ ಪೂಜೆಗೆ ಬರುವ ಅಯ್ಯನವರು, ತೀಡುವ ಕಷ್ಟವಿಲ್ಲದ ಇಂಥ ಪುಡಿ ವಿಭೂತಿಯನ್ನು ಮೆಚ್ಚಿ, ಹಣೆ, ತೋಳು, ಎದೆ, ಬೆನ್ನು ಎಲ್ಲೆಡೆ ಧಾರಾಳವಾಗಿ ಧರಿಸಿ ಹೋಗಿದ್ದರು. ಎರಡು ಸೋಮವಾರ. ಡಬ್ಬಿಯ ಮೂಲೆಯಲ್ಲಿ ಒಂದು ಚಿಟಿಕೆ ಉಳಿದಿತ್ತು.

ನನ್ನ ಮುಖ ನೋಡಿ ಕಾಕಾ ಮೊದಲ ಸಲ ಬಾಯಿ ತುಂಬ ನಕ್ಕರು. “ಅಯ್ಯನೋರ ತಲಿಯಾಗ ಬೇರು ಒಡದ್ರ ಏನ್ ಮಾಡೂನ್ರಿ, ಸಾಹೇಬ್ರ? ಹುಕ್ಕೇರ್ಯಾಗ ನಟ್ಟು ಬರೂನು?”

ನಾನು ನಗಲಿಲ್ಲ. ಹೋಗುವ ದಾರಿಯಲ್ಲಿ ಅಯ್ಯನವರ ಮಠಕ್ಕೆ ಸುಮ್ಮನೆ ನಮಸ್ಕಾರಕ್ಕೆಂದು ಹೋಗಿ, ಅವರ ಹಣೆಯನ್ನು ಒಂದಷ್ಟು ಹೊತ್ತು ಭಕ್ತಿಯಿಂದ ನೋಡಿದೆ. ಚರ್ಮ ಚೆನ್ನಾಗಿತ್ತು. ನನ್ನ ಭಕ್ತಿಯನ್ನು ಮೆಚ್ಚಿ ಅವರು ಒಂದು ಗಟ್ಟಿ ವಿಭೂತಿ ಕೊಟ್ಟರು.

ಬಸವ ಜಯಂತಿಯ ಹೊತ್ತಿಗೆ ಗೂಟಿ ಬಿಚ್ಚಿ ನೋಡಿದೆವು. ಒಂದೊಂದಾಗಿ ಬಿಚ್ಚಿದಂತೆ ಅದೇ ಕಪ್ಪು ಬಣ್ಣ, ಅದೇ ಕೊಳೆತ ವಾಸನೆ. ಕಾಕು ಬಿಚ್ಚಿದ ಗೋಣಿತಟ್ಟನ್ನು ಮಡಚಿ ಮಡಚಿ ಇಡುತ್ತಿದ್ದರು. ಕೊನೆಗೆ ಒಂದೇ ಒಂದು ಉಳಿದಿತ್ತು. ಅದರ ಗಡಿಗೆ ಬಿರುಕು ಬಿಟ್ಟು, ಕಟ್ಟಿದ ದಿನದಿಂದ ನೀರು ಹನಿಯುವ ಬದಲು ಸುರಿದಿತ್ತು. ಬೇರೆ ಗಡಿಗೆ ತರುತ್ತೇನೆಂದು ನಾನು ಹೇಳಿ ಮರೆತಿದ್ದೆ. ಬಿಚ್ಚಿದರೆ ಪುಡಿ ಬಹುಪಾಲು ತೊಳೆದುಹೋಗಿತ್ತು. ಆದರೆ ಗಾಯದ ಮೇಲಂಚು ಊದಿಕೊಂಡು ಅಲ್ಲಲ್ಲಿ ಬಿಳಿಯ ಗುಳ್ಳೆ ಎದ್ದಿತ್ತು. ಬೇರಿನ ಮೊದಲ ಕುರುಹು ಅದು.

ನಾನು ಅದನ್ನೇ ನೋಡುತ್ತ ಕೂತೆ. ಔಷಧ ಕಡಿಮೆಯಾದಲ್ಲಿ ಬೇರು, ಹೆಚ್ಚಾದಲ್ಲಿ ಸಾವು. ಗಿಡದ ಮೈಯಲ್ಲಿ ಈ ರಸ ಇರುವುದೇ ಕಂಡೂ ಕಾಣದಷ್ಟು. ಅಷ್ಟರಲ್ಲೇ ಅದು ಕೆಲಸ ಮಾಡುತ್ತದೆ. ಹಿತ ಮಾಡುತ್ತೇವೆಂದು ನಾವು ಬೊಗಸೆ ತುಂಬ ಸುರಿದಿದ್ದೆವು.

ಗೋಕಾಕಕ್ಕೆ ಹೋಗಿ ಹೇಳಿದಾಗ ದೊಡ್ಡ ಸಾಹೇಬರು ಒಂದು ಗೂಟಿಯ ಮೇಲೆ ಸಿದ್ಧಾಂತ ಕಟ್ಟಬಾರದೆಂದರು. ಉಳಿದ ಚಿಟಿಕೆಯನ್ನು ಪೂರ್ತಿ ಬಲದಲ್ಲೇ ಒಂದು ಒಳ್ಳೆಯ ಟೊಂಗೆಗೆ ಹಚ್ಚಿ ವರದಿ ಕಳಿಸಲು ಹೇಳಿದರು. ಅವರದು ತಪ್ಪು ಮಾತೂ ಅಲ್ಲ. ವರದಿಗೆ ಒಂದು ಟೊಂಗೆ ಸಾಕು. ಮಡ್ಡಿ ಹೊಲಕ್ಕೆ ಸಾಲದು.

ದಡ್ಡಿಯ ತನಕ ಸೈಕಲ್ಲಿನ ಮೇಲೆ ನಾನು ಎರಡೂ ಕಡೆಯ ವಕೀಲಿ ಮಾಡಿದೆ. ಹೋಗಿ ತಲುಪಿದಾಗ ನಿರ್ಧಾರ ಆಗಿತ್ತು. ಆ ಚಿಟಿಕೆಯನ್ನು ಅಯ್ಯನವರು ಕೊಟ್ಟ ಗಟ್ಟಿಯನ್ನೇ ಪುಡಿ ಮಾಡಿ ಅದರಲ್ಲಿ ಚೆನ್ನಾಗಿ ಕಲಸಿ ತೆಳ್ಳಗೆ ಮಾಡುವುದು. ಒಂದಲ್ಲ, ಕೈಗೆ ಬಂದ ಎಲ್ಲ ಟೊಂಗೆಗೂ ಗೂಟಿ ಕಟ್ಟುವುದು. ಮಿರಗದ, ಎಂದರೆ ಮೃಗಶಿರದ ಮಳೆಗೆ ಇನ್ನು ಬಹಳ ದಿನ ಇರಲಿಲ್ಲ. ಮೊದಲ ಮಳೆ ನಮ್ಮಲ್ಲಿ ಬೀಳದಿದ್ದರೂ ಘಟ್ಟದಲ್ಲಿ ಬಿದ್ದರೆ ಹೊಳೆ ಏರುತ್ತದೆ.

ಕಾಕಾ ನನ್ನ ಮಾತು ಕೇಳಿ ಗಿಡದ ಸುತ್ತ ಒಂದು ಸುತ್ತು ಬಂದರು. “ಎಲ್ಲಾ ಟೊಂಗಿ ಸುಲದ್ರ ಈ ವರ್ಷ ಹಣ್ಣಿಲ್ಲ. ಗೂಟಿ ಕಡದ ಮ್ಯಾಲ ಗಿಡ ಬೋಳ. ಹೊಳಿ ಬರಲಿಲ್ಲಂದ್ರ?”

ಈ ಪ್ರಶ್ನೆಯನ್ನು ನಾನೂ ಕೇಳಿಕೊಂಡಿದ್ದೆ. ಹೊಳೆ ಬರದಿದ್ದರೆ, ಗೂಟಿಗಳೂ ಸತ್ತರೆ, ನಿಂತ ಗಿಡವನ್ನು ನಾನೇ ಬೋಳು ಮಾಡಿದಂತೆ. ಹಾಗೆಯೇ ಹೇಳಿದೆ. ಹೊಳೆಯ ವಿಷಯ ನನಗೆ ತಿಳಿಯದು, ಬೇರು ಬರುತ್ತದೆಂದು ಬರೆದು ಕೊಡಲಾರೆ, ಆದರೆ ನನ್ನ ಗಿಡವಾಗಿದ್ದರೆ ಕಟ್ಟುತ್ತಿದ್ದೆ ಎಂದೆ.

“ನಿಮ್ಮ ಗಿಡ ಆಗಿದ್ರ ನೀವು ಚಿಂತಿ ಮಾಡ್ಕೋತ ಕುಂದರ್ತಿದ್ರಿ,” ಎಂದರು ಕಾಕು. ಗಂಡನ ಕಡೆ ತಿರುಗಿದರು. “ಈ ವರ್ಷ ಬರಲಿಲ್ಲಂದ್ರ ಹೊಳಿ ಮುಂದಿನ ವರ್ಷ ಬರ್ತೈತಿ. ಅದಕ್ಕ ದಾರಿ ಗೊತ್ತಾಗೇತಿ. ಕಟ್ಟಾಕ ಹಚ್ರಿ.”

ಕಟ್ಟಿದೆವು. ಪುಡಿಯನ್ನು ಈ ಸಲ ಕೋಳಿಪುಕ್ಕದಿಂದ ಸವರಿದೆ, ಉಳಿದದ್ದನ್ನು ಊದಿ ಹಾರಿಸಿದೆ. ಗಡಿಗೆ ಸಾಲದೆ ಕಲ್ಲೋಳಿಯ ಕಡೆಯಿಂದ ಬಂದ ಸಂತೆಯ ಗಾಡಿಯಿಂದ ಕೊಂಡೆವು. ದಿನವೂ ನೀರು ತುಂಬಿದ್ದು ಕಾಕು. ನಾನು ವಾರಕ್ಕೊಮ್ಮೆ ಬಂದು ಬಿಚ್ಚಿ ನೋಡಬೇಕೆಂಬ ಆಸೆಯನ್ನು ತಡೆದುಕೊಂಡು ಹೋಗುತ್ತಿದ್ದೆ. ಬಿಚ್ಚಿದರೆ ಎಳೆಯ ಬೇರು ಮುರಿಯುತ್ತದೆ. ಚಿಂತೆಗಾರನಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಇಲ್ಲ.

ಮಿರಗ ಕೂಡಿ ಕೆಲವು ದಿನಕ್ಕೆ ಹೊಳೆಯ ನೀರು ಕೆಂಪಾಯಿತು. ಆ ದಿನವೇ ಗೂಟಿಗಳನ್ನೆಲ್ಲ ಕಡಿದು ಇಳಿಸಿದೆವು. ಬಿಚ್ಚಿದಾಗ ಕೆಲವು ಕೊಳೆತಿದ್ದವು, ಕೆಲವುಗಳಲ್ಲಿ ಬರೀ ಊತ. ಅರ್ಧದಷ್ಟು ಗೂಟಿಗಳಲ್ಲಿ ಗೋಣಿಯ ಎಳೆಗಳ ನಡುವೆ ಬಿಳಿಯ ಬೇರು ಹೊರಗೆ ಇಣುಕುತ್ತಿತ್ತು. ಕಾಕು ಒಂದನ್ನು ಕೈಯಲ್ಲಿ ಹಿಡಿದು ಬೆರಳು ತಾಗಿಸದೆ ನೋಡಿದರು. ಬುಟ್ಟಿಗಳಲ್ಲಿ ಮಣ್ಣು ತುಂಬಿ, ಎಲೆ ಅರ್ಧ ಕತ್ತರಿಸಿ, ಚಪ್ಪರದ ನೆರಳಿನಲ್ಲಿ ಇಟ್ಟೆವು. ಅಲ್ಲಿಯೂ ಕೆಲವು ಹೋದವು. ಉಳಿದವು ಮಡ್ಡಿ ಹೊಲದ ಒಂದು ಮೂಲೆಗೆ ಸಾಲುವಷ್ಟು, ತೋಟವೆನ್ನಲು ನಾಲಿಗೆ ಬರದಷ್ಟು.

ಹೊಳೆ ಬಂತು. ಅಂಚಿನ ತನಕ ಬಂದು, ಗಿಡದ ಬುಡವನ್ನು ನೆಕ್ಕಿ, ಇಳಿದು ಹೋಯಿತು. ಗಿಡ ಹಾಗೇ ನಿಂತಿತ್ತು, ನಾನು ಬೋಳಿಸಿದ ತಲೆಯೊಂದಿಗೆ. ಆ ಶ್ರಾವಣವೆಲ್ಲ ಕಾಕಾ ನನ್ನೊಡನೆ ಹವೆಯ ಬಗ್ಗೆ ಮಾತ್ರ ಮಾತಾಡಿದರು. ಬೈದಿದ್ದರೆ ಹಗುರಾಗುತ್ತಿತ್ತು.

ಆಮೇಲೆ ಗಿಡ ಚಿಗುರಿತು. ಟೊಂಗೆಯ ತುದಿಗಳು ಹೋದದ್ದರಿಂದ ಹುಕುಂ ಕೊಡುವವರು ಯಾರೂ ಇರಲಿಲ್ಲ. ವರ್ಷಾನುಗಟ್ಟಲೆ ಸುಮ್ಮನಿದ್ದ ಕಣ್ಣುಗಳೆಲ್ಲ ಒಟ್ಟಿಗೆ ಒಡೆದವು. ದೀಪಾವಳಿಯ ಹೊತ್ತಿಗೆ ಮೊದಲಿದ್ದ ಟೊಂಗೆಗಳ ಹತ್ತು ಪಟ್ಟು ಎಳೆಯ ಕುಡಿಗಳು. ನಾನು ಇದನ್ನು ಮೊದಲೇ ಹೇಳಬಹುದಿತ್ತು, ಕಬ್ಬಿನ ಪಾಠ ಮಾಡಿದವನು ನಾನೇ. ಹೊಳೆದಿರಲಿಲ್ಲ. ಮುಂದಿನ ಮಳೆಗಾಲ ಹತ್ತಿದೊಡನೆ ಆ ಎಳೆಯ ಕುಡಿಗಳಿಗೆ ಕಾಕು ತಾವೇ ಗೂಟಿ ಕಟ್ಟಿದರು. ಔಷಧ ಇರಲಿಲ್ಲ, ಬರೀ ಮಣ್ಣು. ಎಳೆಯ ಕುಡಿಗಳಲ್ಲಿ ಸ್ವಂತ ರಸವೇ ಸಾಕಷ್ಟು ಇರುತ್ತದೆ. ಬಹುತೇಕ ಎಲ್ಲಕ್ಕೂ ಬೇರು ಬಂತು.

ದೊಡ್ಡ ಸಾಹೇಬರು ವರದಿ ಕೇಳಿದಾಗ ನನಗೆ ಕಷ್ಟವಾಯಿತು. ಔಷಧ ಕೆಲಸ ಮಾಡಿತೇ ಎಂದರೆ ಮಾಡಿತು, ಅದು ಬಹುಪಾಲು ಮುಗಿದ ಮೇಲೆ. ಹಾಗೆಯೇ ಬರೆದೆ. ಅವರು ಆ ಸಾಲಿನ ಕೆಳಗೆ ಗೆರೆ ಎಳೆದು ಮೇಲಕ್ಕೆ ಕಳಿಸಿದರು. ಬೆಳೆಯುವುದಕ್ಕೆ ಪ್ರೇರಣೆ ಕೊಡುವುದಕ್ಕಿಂತ ತಡೆಯುವುದನ್ನು ತೆಗೆಯುವುದು ಕೆಲವು ಸಲ ದೊಡ್ಡ ಕೆಲಸ ಎಂದು ನಾನು ಈಗ ರೈತರಿಗೆ ಹೇಳುತ್ತೇನೆ. ಎಲ್ಲ ಗಿಡಕ್ಕೂ ಅದು ನಿಜವೇ ಎಂಬ ಚಿಂತೆ ಹೇಳಿದ ಕೂಡಲೇ ಶುರುವಾಗುತ್ತದೆ.

ಗಿಡ ಹೋದದ್ದು ಅದಕ್ಕೂ ಮುಂದಿನ ಮಳೆಗಾಲದಲ್ಲಿ, ಹಗಲು ಹೊತ್ತಿನಲ್ಲಿ. ನಾನು ಆ ದಿನ ಮಡ್ಡಿ ಹೊಲದಲ್ಲಿದ್ದೆ. ದಂಡೆ ಕುಸಿದ ಸದ್ದು ಅಲ್ಲಿಗೂ ಕೇಳಿಸಿತು. ಕಾಕಾ ಕೊಡೆ ಬಿಟ್ಟು ಕೆಳಗೆ ಓಡಿದರು, ಅವರ ಹಿಂದೆ ನಾನು. ಕೆಂಪು ನೀರಿನಲ್ಲಿ ಗಿಡ ಒಂದು ಸಲ ಹೊರಳಿ, ಬೇರು ಮೇಲಾಗಿ, ತಿರುವಿನ ಆಚೆ ಹೋಯಿತು. ನಾವು ಮತ್ತೆ ಮೇಲೆ ಬಂದಾಗ ಕಾಕು ಇದ್ದ ಜಾಗದಲ್ಲೇ ಇದ್ದರು. ಗೂಟಿಯಿಂದ ಬೆಳೆಸಿದ ಸಾಲಿನ ಮೊದಲ ಗಿಡಕ್ಕೆ, ಅದರ ಮೊದಲ ಗೂಟಿ ಸುತ್ತುತ್ತಿದ್ದರು.

“ಹೋತು,” ಎಂದರು ಕಾಕಾ.

“ಹೂಂ,” ಎಂದರು ಕಾಕು. ತಲೆ ಎತ್ತಲಿಲ್ಲ. “ಆ ತುದಿ ಹಗ್ಗಾ ಹಿಡೀರಿ, ಸಡ್ಲಾಗಾಕತ್ತೇತಿ.”

ಕಾಕಾ ಒದ್ದೆ ಕೈಯನ್ನು ಧೋತರಕ್ಕೆ ಒರೆಸಿಕೊಂಡು ಹಗ್ಗ ಹಿಡಿದರು.